ಸಂದಿಯ ಮೇಲಿನ ಸಜ್ಜಾ

ಗಂಗಾವತಿಯಲ್ಲಿ ನಾನು ನನ್ನ ಕಾಕಾರ ಮಣಿಕಟ್ಟು ಮುರಿದದ್ದು ಒಂದೂವರೆ ಅಡಿ ಸಜ್ಜಾಕ್ಕಾಗಿ. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ.

ಕಾಕಾ ಗೌಂಡಿ. ಪಕ್ಕದ ಹಳೆ ಮನೆಯಲ್ಲಿ ಅವರೂ ಅವರ ಹೆಂಡತಿ ಚಿಗವ್ವನೂ ಇದ್ದರು. ನನ್ನ ಹೊಸ ಮನೆಯ ಗೋಡೆ ಎತ್ತಿದವರೂ ಅವರೇ. ಕಟ್ಟಡದ ನಿಯಮದಂತೆ ಅವರ ಗೋಡೆಯ ಕಡೆ ಮೂರು ಅಡಿ ಸಂದಿ ಬಿಟ್ಟಿದ್ದೆ. ಆ ಸಂದಿಯೊಳಗೆ ಕಿಟಕಿಯ ಮೇಲಿನ ಕಾಂಕ್ರೀಟ್ ಸಜ್ಜಾವನ್ನು ಒಂದೂವರೆ ಅಡಿ ಚಾಚಬಹುದು ಎಂದೂ ನಿಯಮವಿತ್ತು.

"ಸಂದ್ಯಾಗ ಸಜ್ಜಾ ಬ್ಯಾಡೋ ತಮ್ಮಾ. ನಿಮ್ಮ ಚಿಗವ್ವ ಎಮ್ಮಿಗೆ ಹುಲ್ಲು ಹೊತ್ಕೊಂಡು ಇಲ್ಲೇ ಹಾಯತಾಳ," ಎಂದರು ಕಾಕಾ.

"ಏಳಡಿ ಎತ್ತರ ಐತ್ರಿ. ಚಿಗವ್ವ ಏನ್ ಏಳಡಿ ಅದಾಳೇನು?" ಎಂದು ನಕ್ಕೆ. ನಕ್ಷೆಯ ಕಾಗದವನ್ನು ಅವರ ಮುಖಕ್ಕೆ ಹಿಡಿದೆ. ಅವರು ಗಾರೆ ಮೆತ್ತುವ ಕರಣಿ ತೊಳೆದುಕೊಂಡು, ಕೆಲಸ ಬಿಟ್ಟು ಎದ್ದುಹೋದರು. ನಾನು ಹಟಕ್ಕೆ ಬಿದ್ದು ಬೇರೆ ಗೌಂಡಿಯಿಂದ ಸಜ್ಜಾ ಹಾಕಿಸಿದೆ.

ಕಾಂಕ್ರೀಟಿಗೆ ಆಸರೆಯಾಗಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದ ಮರುದಿನ ಚಿಗವ್ವ ಹುಲ್ಲಿನ ಹೊರೆ ಹೊತ್ತು ಸಂದಿಗೆ ಬಂದಳು. ಹೊರೆಯ ಕೆಳಗಿಂದ ಅವಳಿಗೆ ಕಾಣುತ್ತಿದ್ದುದು ಕಾಲ ಮುಂದಿನ ನೆಲ ಮಾತ್ರ. ಹೊರೆ ಸಜ್ಜಾಕ್ಕೆ ಬಡಿಯಿತು, ಕತ್ತು ಹಿಂದಕ್ಕೆ ವಾಲಿ ಅಂಗಾತ ಬಿದ್ದಳು. ತಲೆ ಕಲ್ಲಿಗೆ ಅಪ್ಪಳಿಸಿತು. ಹುಲ್ಲೆಲ್ಲ ಕೆಂಪಾಯಿತು.

ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದ ಕಾಕಾ ನೇರ ಸಂದಿಗೆ ಏಣಿ ತಂದರು. ಏಣಿ ಹತ್ತಿ ದೊಡ್ಡ ಸುತ್ತಿಗೆಯಿಂದ ಸಜ್ಜಾಕ್ಕೆ ಹೊಡೆಯತೊಡಗಿದರು. ತಪ್ಪು ನನ್ನದೆಂದು ಒಳಗೊಳಗೇ ಗೊತ್ತಿತ್ತು; ಅದಕ್ಕೇ ಸಿಟ್ಟು ನೆತ್ತಿಗೇರಿತು.

"ಕಾಯ್ದೆ ಪ್ರಕಾರ ಕಟ್ಟೇನಿ! ಇಳಿ ಕೆಳಗ!" ಎಂದು ಕಿರುಚಿದೆ.

ಅವರು ಇನ್ನೊಂದು ಏಟು ಹಾಕಿದರು. ನಾನು ಹಾರೆ ಎತ್ತಿ ಅವರ ಕೈಗೆ ಬೀಸಿದೆ. ಎಲುಬು ಕಟಕ್ಕೆಂದಿತು. ಸುತ್ತಿಗೆ ನನ್ನ ಭುಜ ಸವರಿ ಬಿತ್ತು, ಹಿಂದೆಯೇ ಅವರೂ ಬಿದ್ದರು. ಬಿದ್ದವರ ಎದೆಯ ಮೇಲೆ ಕೂತು ಇನ್ನೆರಡು ಗುದ್ದಿದೆ. ಓಣಿಯವರು ಕೂದಲು ಹಿಡಿದು ನನ್ನನ್ನು ಎಳೆದರು.

ಈಗ ಇಬ್ಬರೂ ಆಸ್ಪತ್ರೆಯಲ್ಲಿ. ಅವರ ಹಿತ್ತಲಲ್ಲಿ ಎಮ್ಮೆ ಹಸಿದು ಒದರುತ್ತಿತ್ತು. ಸಂಜೆ ನಾನೇ ಹೊರೆ ಹೊತ್ತು ಸಂದಿಗೆ ಹೊಕ್ಕೆ. ಅರ್ಧ ಒಡೆದ ಸಜ್ಜಾ ಅಲ್ಲಿದೆ ಎಂದು ಗೊತ್ತಿದ್ದೂ ಹೊರೆ ಬಡಿಯಿತು, ಕುತ್ತಿಗೆ ಉಳುಕಿ ಮಂಡಿಯೂರಿದೆ. ನಕ್ಷೆಯಲ್ಲಿ ಏಳಡಿ ಎಂದು ಬರೆದವರೂ, ಓದಿದ ನಾನೂ ತಲೆಯ ಮೇಲಿನ ಹೊರೆಯನ್ನು ಅಳೆದಿರಲಿಲ್ಲ. ಕಾಕಾರ ಸುತ್ತಿಗೆಯನ್ನೇ ಎತ್ತಿಕೊಂಡೆ. ಅಂಗೈ ಸುಲಿದು ರಕ್ತ ಬಂದರೂ ಬಿಡದೆ ಹೊಡೆದು, ಉಳಿದ ಕಾಂಕ್ರೀಟನ್ನೆಲ್ಲ ಕೆಡವಿದೆ.

ಮರುದಿನ ಆಸ್ಪತ್ರೆಗೆ ಹೋದೆ. ನನ್ನನ್ನು ಕಂಡು ಚಿಗವ್ವ ಕಣ್ಣು ಮುಚ್ಚಿಕೊಂಡಳು. ಕಾಕಾರ ಬಲಗೈ ಪ್ಲಾಸ್ಟರಿನಲ್ಲಿತ್ತು. ಆ ಕೈ ಇನ್ನು ಕರಣಿ ಹಿಡಿಯುವುದು ಅನುಮಾನ ಎಂದಿದ್ದರು ಡಾಕ್ಟರು.

"ಸಜ್ಜಾ ಕೆಡವಿದೆ ಕಾಕಾ," ಎಂದೆ.

ಅವರು ಕೇಳಿದರು: "ಒಳಗಿನ ಕಂಬಿ?"

"ಗೋಡ್ಯಾಗಿಂದ ಬಾಗಿ ಕೆಳಗ ಜೋತುಬಿದ್ದಾವ್ರಿ."

"ಹಂಗ ಬಿಟ್ರ ಆಕಿ ಕಣ್ಣಿಗೆ ಚುಚ್ಚತಾವ. ಗೋಡಿ ಸಮ ಕತ್ತರಸು. ನಾ ಬರಾಕ ಆಗಂಗಿಲ್ಲ."