ನೂಲು ತೆಗೆಯುವ ಕೆಲಸ

ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದ ಸುಮಿತ್ರವ್ವನಿಗೆ ನೇಯ್ದ ಬಟ್ಟೆಯ ನೂಲು ಕೀಳುವುದೆಂದರೆ ಪಾಪದ ಕೆಲಸ. ಚಿಕ್ಕವಳಿದ್ದಾಗ ಮಗ್ಗದ ಮೇಲಿನ ಹಾಸಿನ ಎಳೆಯೊಂದನ್ನು ಆಟಕ್ಕೆ ಹರಿದು ಅಪ್ಪನಿಂದ ಏಟು ತಿಂದಿದ್ದಳು. ಅಂಥವಳು ಐವತ್ತು ದಾಟಿದ ಮೇಲೆ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕೂತು, ಹೊಸ ಬಟ್ಟೆಯ ನೂಲನ್ನು ಒಂದೊಂದಾಗಿ ಕತ್ತರಿಸಿ ತೆಗೆಯುವುದನ್ನು ಕಲಿತಳು. ಕಲಿಸಿದವಳು ನೈಜೀರಿಯಾದ ಇಬಿನಾಬೊ.

ಗಂಡ ಈರಣ್ಣ ತೀರಿಕೊಂಡ ವರ್ಷ ಸುಮಿತ್ರವ್ವ ಹಗಲೆಲ್ಲ ಮನೆಯಲ್ಲಿ ಒಬ್ಬಳೇ ಗೋಡೆ ನೋಡುತ್ತ ಕೂರಲಾರದೆ ಬಿಸೊನೆಟ್ ರಸ್ತೆಯ ಟೇಲರ್ ಅಂಗಡಿಗೆ ಕೆಲಸಕ್ಕೆ ಸೇರಿದಳು. ಮಗಳು ನಿವೇದಿತಾ ಎನರ್ಜಿ ಕಾರಿಡಾರ್‌ನ ಆಫೀಸಿಗೆ ಹೋಗುವ ಮೊದಲು ಅಲ್ಲಿ ಇಳಿಸಿ ಹೋಗುವಳು. ಅಂಗಡಿ ಇಬಿನಾಬೊಳದು. ಅವಳು ಹತ್ತು ವರ್ಷ ದೊಡ್ಡವಳು. ಸುಮಿತ್ರವ್ವ ಅವಳನ್ನು 'ಅಕ್ಕ' ಎಂದಳು, ಅವಳಿಗೆ ಇವಳು 'ಸುಮಿ' ಆದಳು. ಇವಳದು ಹರಕು ಇಂಗ್ಲಿಷ್, ಅವಳದು ತನ್ನೂರಿನ ರಾಗದ ಇಂಗ್ಲಿಷ್. ಮಾತಿಗೇನೂ ಬರವಿರಲಿಲ್ಲ.

ಮೊದಲ ವಾರವೇ ಇಬಿನಾಬೊ ಹೇಳಿದ್ದಳು: "ನೈಜೀರಿಯಾದವರು ಅಂತ ನಮ್ಮನ್ನೆಲ್ಲ ಒಂದೇ ಗಂಟಿಗೆ ಕಟ್ಟಬೇಡ. ಉಡುಪು ನೋಡು, ಯಾವ ಜನ ಅಂತ ತಿಳೀತದೆ." ಸುಮಿತ್ರವ್ವ ನೋಡಿದಳು. ತೋಳನ್ನು ಹೆಗಲ ಮೇಲೆ ಮಡಚಿ ಮಡಚಿ ಹಾಕಿಕೊಳ್ಳುವ ಅಗಲವಾದ ಅಗ್ಬಾಡಾ ನಿಲುವಂಗಿ ತೊಟ್ಟ ಗಂಡಸರು ಬಂದರೆ ಯೊರುಬಾ ಜನ. ಅವರ ಹೆಂಗಸರ ತಲೆಯ ಮೇಲೆ ಗೆಲೆ ಎಂಬ ಗರಿಗರಿಯಾದ ತಲೆವಸ್ತ್ರ ಗೋಪುರದ ಹಾಗೆ ನಿಂತಿರುತ್ತದೆ. ಇಬಿನಾಬೊಳ ಕಲಬಾರಿ ಜನ ಸಮುದ್ರದ ಕಡೆಯ ದ್ವೀಪಗಳವರು. ಆ ಹೆಂಗಸರು ಸೊಂಟಕ್ಕೆ ಉದ್ದದ ಬಟ್ಟೆ ಸುತ್ತಿ, ಅದರ ಮೇಲೆ ಮೊಣಕಾಲವರೆಗೆ ಇನ್ನೊಂದು ಸುತ್ತಿ, ಕೊರಳಿಗೆ ಹವಳ ಹಾಕುತ್ತಾರೆ.

ಮೇಲೆ ಸುತ್ತುವ ಆ ಬಟ್ಟೆಯನ್ನು ಕಂಡಾಗ ಸುಮಿತ್ರವ್ವನಿಗೆ ಕಣ್ಣು ತುಂಬಿ ಬಂತು. ಅದು ನಮ್ಮ ಕಡೆಯ ಚೌಕಡಿ ಬಟ್ಟೆ. ಮದ್ರಾಸಿನಿಂದ ಹಡಗು ಹತ್ತಿ ನೂರಾರು ವರ್ಷಗಳಿಂದ ಅವರ ಊರು ಸೇರುತ್ತಿತ್ತಂತೆ. ಆದರೆ ಮರುಗಳಿಗೆಯಲ್ಲೇ ಇಬಿನಾಬೊ ಸೂಜಿಯಿಂದ ಒಂದು ಬಿಳಿ ಎಳೆ ಎತ್ತಿ, ಬ್ಲೇಡಿನ ತುದಿಯಿಂದ ಕಚಕ್ಕನೆ ಕೊಯ್ದಳು.

"ಅಯ್ಯಯ್ಯ, ಏನ್ ಮಾಡಾಕತ್ತೀರಿ ಅಕ್ಕ!" ಗಾಬರಿಗೆ ಕನ್ನಡವೇ ಬಾಯಿಗೆ ಬಂದಿತ್ತು.

ಇಬಿನಾಬೊ ನಕ್ಕಳು. "ನೀವು ನೇಯ್ದು ಕಳಿಸ್ತೀರಿ. ನಾವು ಕತ್ತರಿಸಿ ನಮ್ಮದು ಮಾಡ್ಕೋತೀವಿ. ಪೆಲೆತೆ ಬಿತೆ ಅಂತಾರೆ, ಕತ್ತರಿಸಿದ ಬಟ್ಟೆ ಅಂತ."

ಬಿಳಿ ಎಳೆಗಳು ಹೋದ ಹಾಗೆ ಕಪ್ಪು, ಕೆಂಪು ಎಳೆಗಳು ಉಳಿದು ಆಮೆಯ ಬೆನ್ನಿನ ಚಿತ್ತಾರ ಎದ್ದಿತು. ಬಟ್ಟೆ ಬಲೆಯಂತೆ ಹಗುರಾಯಿತು. ಸುಮಿತ್ರವ್ವ ಎರಡು ವರ್ಷ ಚಿಂದಿಯ ಮೇಲೆ ಕಲಿತಳು, ಮೂರನೆಯ ವರ್ಷ ಇಬಿನಾಬೊ ಒಳ್ಳೆಯ ಬಟ್ಟೆ ಕೊಟ್ಟಳು. ತನ್ನ ಮಗಳು ಬೋಮಾ ಕಲಿಯುವುದಿರಲಿ, ಇದನ್ನು ಕಣ್ಣೆತ್ತಿ ನೋಡಲೂ ಇಲ್ಲ ಎಂಬ ಕೊರಗು ಅವಳಿಗಿತ್ತು. ಬೋಮಾ ಟೆಕ್ಸಸ್‌ನಲ್ಲೇ ಹುಟ್ಟಿ ಬೆಳೆದವಳು, ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ ಕೆಲಸ, ಸಂಸಾರ.

"ನಮ್ಮಲ್ಲಿ ಹಿರಿಯರು ಸತ್ತರೆ ಮಂಚಕ್ಕೆ, ಗೋಡೆಗೆ ಮನೆತನದ ಬಟ್ಟೆಗಳನ್ನೆಲ್ಲ ಹಾಸಿ ಸಿಂಗಾರ ಮಾಡ್ತಾರೆ ಸುಮಿ. ನನ್ನ ಟ್ರಂಕಿನಲ್ಲಿ ಅಜ್ಜಿ ಕತ್ತರಿಸಿದ್ದಿದೆ, ಅವ್ವ ಕತ್ತರಿಸಿದ್ದಿದೆ. ನನ್ನದೂ ಒಂದು ಇರಬೇಕು." ಅದಕ್ಕೆಂದೇ ಒಂದು ಬಟ್ಟೆ ಹಿಡಿದಿದ್ದಳು. ಅರ್ಧ ಮುಗಿಯುವಷ್ಟರಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು.

ಬೋಮಾ ಬಂದು ಅಂಗಡಿ ಮುಚ್ಚಿಸಿದಳು, ತಾಯಿಯನ್ನು ಇರ್ವಿಂಗ್‌ನ ವೃದ್ಧರ ಆರೈಕೆ ಮನೆಗೆ ಸೇರಿಸಿದಳು. ಹೊರಡುವ ದಿನ ಇಬಿನಾಬೊ ಎಡಗೈಯಿಂದ ಆ ಅರ್ಧ ಬಟ್ಟೆಯನ್ನು ಸುಮಿತ್ರವ್ವನ ಮಡಿಲಿಗೆ ತಳ್ಳಿದಳು. ಮಾತು ತೊದಲುತ್ತಿತ್ತು. "ಮುಗಿಸು" ಎಂಬುದೊಂದು ಮಾತ್ರ ಸ್ಪಷ್ಟವಾಗಿ ಬಂತು.

"ಮುಗಿಸ್ತೀನಿ ಅಕ್ಕ."

ಆ ಹೊತ್ತಿಗಾಗಲೇ ಸುಮಿತ್ರವ್ವನ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲುತ್ತಿದ್ದವು. ಚಾಳೀಸಿನ ತೊಂದರೆ ಎಂದುಕೊಂಡು ಮಗಳಿಗೂ ಹೇಳಿರಲಿಲ್ಲ. ಹೇಳಿ ಡಾಕ್ಟರ ಹತ್ತಿರ ಹೋಗುವಾಗ ತಡವಾಗಿತ್ತು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ನರಗಳನ್ನು ತಿಂದಿದೆ, ಕಣ್ಣಿಗೆ ಇಂಜೆಕ್ಷನ್ ಕೊಡುತ್ತ ಇರುವಷ್ಟನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು.

ಅವಳು ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ದಿನಕ್ಕೆ ಹತ್ತು ಎಳೆ, ಐದು ಎಳೆ ತೆಗೆದಳು. ನಿವೇದಿತಾ ದೀಪವಿರುವ ಭೂತಗನ್ನಡಿ ತಂದುಕೊಟ್ಟಳು. "ಅಮ್ಮಾ, ಪ್ಲೀಸ್ ಸ್ಟಾಪ್" ಎಂದೂ ಹೇಳಿದಳು. ಒಂದು ಮಧ್ಯಾಹ್ನ ಬಿಳಿ ಎಂದು ಕೊಯ್ದದ್ದು ಕೆಂಪು ಎಳೆಯಾಗಿತ್ತು. ಗೊತ್ತಾಗದೆ ಅದರ ಪಕ್ಕದ್ದನ್ನೂ ಕೊಯ್ದಳು, ಅದರಾಚೆಯದನ್ನೂ. ಬೆರಳಾಡಿಸಿದಾಗ ಬೆರಳು ಆಚೆ ಹೋಯಿತು. ಆಮೆಯ ಬೆನ್ನಿನ ನಡುವೆ ರೂಪಾಯಿಯಗಲ ತೂತು. ನೇಯುವವರ ಮಗಳು, ಅದನ್ನು ರಫೂ ಮಾಡಬಲ್ಲಳು. ಆದರೆ ಅದಕ್ಕೂ ಕಣ್ಣೇ ಬೇಕು. ಬಟ್ಟೆ ಮಡಚಿ ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಅಲ್ಲೇ ಕೂತಿದ್ದಳು.

ಒಂದು ಶನಿವಾರ ನಿವೇದಿತಾ ನಾಲ್ಕು ತಾಸು ಡ್ರೈವ್ ಮಾಡಿ ಅವಳನ್ನು ಇರ್ವಿಂಗ್‌ಗೆ ಕರೆದೊಯ್ದಳು. ಇಬಿನಾಬೊ ಇವಳ ಗುರುತು ಹಿಡಿದಳು. ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು ಎಡಗೈ ಬೆರಳಿನಿಂದ ಸವರುತ್ತ ಬಂದಳು. ತೂತಿನ ಹತ್ತಿರ ಬೆರಳು ನಿಂತಿತು.

"ನನಗೆ ಕಣ್ಣು ಕಾಣಂಗಿಲ್ಲ ಅಕ್ಕ. ಕೆಡಿಸಿಬಿಟ್ಟೆ," ಎಂದಳು ಸುಮಿತ್ರವ್ವ, ಯಾವ ಭಾಷೆಯಲ್ಲಿ ಹೇಳುತ್ತಿದ್ದೇನೆಂಬ ಪರಿವೆಯೂ ಇಲ್ಲದೆ.

ಇಬಿನಾಬೊ ಬಟ್ಟೆಯನ್ನು ಇವಳ ಕಡೆ ಸರಿಸಿ, ಮುಖವನ್ನು ಗೋಡೆಯ ಕಡೆ ಹೊರಳಿಸಿದಳು. ಇವರು ಹೊರಡುವ ತನಕ ಮತ್ತೆ ಈ ಕಡೆ ತಿರುಗಲಿಲ್ಲ.

ಆರು ವಾರಕ್ಕೆ ಸುದ್ದಿ ಬಂತು. ಡಾಲಸ್‌ನ ಹಾಲ್ ಒಂದರಲ್ಲಿ ಅಂತ್ಯಸಂಸ್ಕಾರ. ಬಂದವರೆಲ್ಲ ಒಂದೇ ಬಣ್ಣದ ನೇರಳೆ ಲೇಸ್ ತೊಟ್ಟಿದ್ದರು. ಪೆಟ್ಟಿಗೆಯೊಳಗೆ ಇಬಿನಾಬೊಗೆ ಬಿಳಿ ಸ್ಯಾಟಿನ್ ಗೌನು. ಗೋಡೆಗಳು ಬೋಳಾಗಿದ್ದವು. ಸುಮಿತ್ರವ್ವ ಹತ್ತಿರ ಹೋಗಿ, ಬಗ್ಗಿ, ಕಂಡಷ್ಟು ನೋಡಿದಳು. ಆಮೇಲೆ ಬೋಮಾಳ ಕೈ ಹಿಡಿದು ಕೇಳಿದಳು: "ಅಮ್ಮನ ಟ್ರಂಕು ಎಲ್ಲಿ?"

"ಯಾವ ಟ್ರಂಕ್, ಆಂಟಿ? ಹ್ಯೂಸ್ಟನ್ ಮನೆಯಲ್ಲಿತ್ತಲ್ಲ, ಅದಾ? ಮನೆ ಖಾಲಿ ಮಾಡುವಾಗ ದಾನದ ವ್ಯಾನಿನವರಿಗೆ ಕೊಟ್ಟೆ." ಬೋಮಾಳ ಕಣ್ಣು ಅತ್ತು ಕೆಂಪಾಗಿತ್ತು. "ಎಲ್ಲ ಹಳೇ ಬಟ್ಟೆ. ತೂತು ತೂತು ಆಗಿದ್ವು. ಹುಳ ತಿಂದಿರಬೇಕು ಅಂದ್ಕೊಂಡೆ. ಯಾಕೆ ಆಂಟಿ?"

ಹೇಳಿ ಪ್ರಯೋಜನವೇನು? ಆ ಹುಡುಗಿಯ ಎದೆಗೆ ಇನ್ನೊಂದು ಭಾರ ಅಷ್ಟೆ. "ಏನಿಲ್ಲವ್ವಾ, ಸುಮ್ನೆ ಕೇಳಿದೆ," ಎಂದಳು.

ಮರುವರ್ಷ ಒಬ್ಬ ಕಲಬಾರಿ ಹೆಂಗಸು ಆಸ್ಟಿನ್‌ನಿಂದ ಫೋನ್ ಮಾಡಿದಳು. ಯಾರೋ ಇವಳ ಹೆಸರು ಹೇಳಿದ್ದರಂತೆ. "ನಮ್ಮ ಪೆಲೆತೆ ಬಿತೆ ನಿಮಗೆ ಬರ್ತದಂತೆ? ನಾನು ಕಲೀಬೇಕು. ಯಾವಾಗ ಹೇಳಿದರೂ ಬರ್ತೀನಿ."

ಸುಮಿತ್ರವ್ವ ತಾನಿನ್ನು ಕತ್ತರಿಸಲಾರೆ, ಬೇರೆಯವರು ಕತ್ತರಿಸುವುದನ್ನು ತಿದ್ದಲೂ ಆರೆ ಎಂದು ಹೇಳಿದಳು. ಬಾಯಿಮಾತಿನಲ್ಲಾದರೂ ಹೇಳಿಕೊಡಿ ಎಂದಳು ಅವಳು. ಸುಮಿತ್ರವ್ವ ಶುರುಮಾಡಿದಳು: ಸೂಜಿಯಿಂದ ಎಳೆ ಎತ್ತಬೇಕು, ಎಷ್ಟು ಎತ್ತಬೇಕೆಂದರೆ... ಅಲ್ಲಿಗೆ ನಿಂತಳು. ಅದು ಬೆರಳಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಆಚೆಯವಳು ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ ಫೋನ್ ಇಟ್ಟಳು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ.