ದೇವರ ಜೊತೆ ಟೂ

ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಪ್ರಾರ್ಥನೆ ಮಾಡದೆ ಒಂದು ತುತ್ತೂ ಮುಟ್ಟದ ಸ್ಟೆಲ್ಲಾ ಅಕ್ಕ, ಅವತ್ತು ಡಬ್ಬಿ ತೆರೆದವರೇ ಊಟ ಶುರುಮಾಡಿದರು. ಗಂಡನ ಆಪರೇಷನ್ ಮತ್ತೆ ಮುಂದಕ್ಕೆ ಹೋಗಿತ್ತು.

"ಏನಕ್ಕಾ, ದೇವರ ಜೊತೆ ಟೂ ಬಿಟ್ರಾ?" ಎಂದು ಕೆಣಕಿದೆ.

"ಹೂಂ, ಬಿಟ್ಟಿದೀನಿ. ದೇವರ ಮನೆ ಕೆಲಸದವಳಾಗಿದ್ರೆ ಕೆಲಸ ಬಿಟ್ಟು ಹೋಗ್ತಿದ್ದೆ. ಯೇಸಪ್ಪ ನಮ್ಮನ್ನ ದೇವರ ಮಕ್ಕಳನ್ನಾಗಿ ಮಾಡ್ಬಿಟ್ಟಿದಾನೆ ಕಣಮ್ಮ. ಮುನಿಸ್ಕೊಂಡ್ರೂ ಅಪ್ಪನ ಮನೇಲೇ ಉಣ್ಬೇಕು."

ಡಬ್ಬಿ ಖಾಲಿಯಾದ ಮೇಲೆ ತಲೆ ಬಾಗಿಸಿ, ಮೆಲ್ಲಗೆ, "ಊಟಕ್ಕೆ ಸ್ತೋತ್ರ ಅಪ್ಪಾ. ಟೂ ಮಾತ್ರ ಹಾಗೇ ಇದೆ" ಎಂದರು.

ನಾನೂ ದಿನಾ ದೀಪ ಹಚ್ಚುತ್ತೇನೆ, ಕೈ ಮುಗಿಯುತ್ತೇನೆ, ಬೇಡಿಕೊಳ್ಳುತ್ತೇನೆ. ಮುನಿಸಿಕೊಳ್ಳುವಷ್ಟು ಸಲುಗೆ ಮಾತ್ರ ನನಗೂ ದೇವರಿಗೂ ಇನ್ನೂ ಬೆಳೆದಿಲ್ಲ.