ಚೊಕ್ಕ ಎಂಬ ಮಾತು

ಪಾರ್ಶ್ವವಾಯು ಬಡಿದು ಅಮ್ಮನ ಮಾತು ನಿಂತುಹೋಗಿ ನಾಲ್ಕು ತಿಂಗಳಾಗಿತ್ತು. ಅವಳನ್ನು ಮೀಯಿಸಲು, ಕೈಕಾಲು ಆಡಿಸಲು ಐರೋಲಿಯ ನಮ್ಮ ಫ್ಲ್ಯಾಟಿಗೆ ದಿನಾ ಬೆಳಿಗ್ಗೆ ಒಬ್ಬ ಮರಾಠಿ ಹೆಂಗಸು ಬರುತ್ತಿದ್ದರು. ನಾವು ಅವರನ್ನು ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು.

ಉಡುಪಿಯಿಂದ ಬಂದ ಅಮ್ಮ ಭಾರೀ ಮಡಿಯವಳು. ಅವಳು ಒಣಹಾಕಿದ ಸೀರೆಯನ್ನು ಮಕ್ಕಳಾದ ನಾವೂ ಮುಟ್ಟುವಂತಿರಲಿಲ್ಲ. ದೇವರ ದೀಪವನ್ನು ತಿಕ್ಕುತ್ತಿದ್ದದ್ದು ಅವಳೊಬ್ಬಳೇ. ಅವಳು ಹಾಸಿಗೆ ಹಿಡಿದ ಮೇಲೆ ಆಫೀಸಿನ ಗಡಿಬಿಡಿಯಲ್ಲಿ ನಾನು ಬತ್ತಿ ಹಚ್ಚುತ್ತಿದ್ದೆ, ಅಷ್ಟೇ.

ಒಂದು ಶನಿವಾರ ಅಡುಗೆಮನೆಯಿಂದ ಬಂದು ನೋಡಿದರೆ, ಮಾವ್ಶಿ ಅಮ್ಮನ ಎದುರೇ ಕೂತು ಆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾರೆ!

"ಮಾವ್ಶೀ, ಅದು ದೇವರದ್ದು..." ಗಾಬರಿಯಲ್ಲಿ ನನ್ನ ಬಾಯಿಂದ ಕನ್ನಡವೇ ಬಂತು.

ಅವರಿಗೆ ಅರ್ಥವಾಗಲಿಲ್ಲ. ದೀಪವನ್ನು ತೊಳೆದು, ಒರೆಸಿ, ನೋಡಿ ಅಜ್ಜೀ ಎಂದು ಅಮ್ಮನ ಮುಖದ ಮುಂದೆ ಹಿಡಿದರು. "ಬಘಾ ಆಜೀ, ಏಕದಮ್ ಚೋಖ್!"

ಅಮ್ಮ ದೀಪವನ್ನು ನೋಡಿದಳು. ಮಾವ್ಶಿಯ ಒದ್ದೆ ಕೈಗಳನ್ನೂ ನೋಡಿದಳು. ತುಟಿ ತಿಣುಕಿತು.

"ಚೊ... ಚೊಕ್ಕ."

ನಾನು ಓಡಿ ಹೋಗಿ ಅವಳ ಕೈ ಹಿಡಿದೆ.

"ಆಜೀ ಮರಾಠೀ ಬೋಲಲ್ಯಾ!" ಅಜ್ಜಿ ಮರಾಠಿ ಮಾತಾಡಿದರು ಎಂದು ಮಾವ್ಶಿ ಕುಣಿದಾಡಿದರು.

"ನಾಹೀ ಮಾವ್ಶೀ, ತೇ ಕಾನಡೀ ಆಹೇ," ಅದು ಕನ್ನಡ ಎಂದೆ, ಅಳುತ್ತ, ನಗುತ್ತ.

"ಮಗ್ ಆಮಚಾ ಚೋಖ್?" ಹಾಗಾದರೆ ನಮ್ಮ ಚೋಖ್ ಯಾವುದು ಎಂದು ಅವರೂ ಬಿಡಲಿಲ್ಲ.

ಮಧ್ಯಾಹ್ನ ನಿಘಂಟು ತೆಗೆದೆ. ಶುದ್ಧ, ನಿರ್ಮಲ ಎಂಬ ಅರ್ಥದ 'ಚೋಕ್ಷ' ಸಂಸ್ಕೃತದ ಮಾತು. ಪ್ರಾಕೃತದಲ್ಲಿ ಅದು 'ಚೊಕ್ಖ' ಆಗಿ, ಮರಾಠಿಯಲ್ಲಿ ಚೋಖ್, ನಮ್ಮಲ್ಲಿ ಚೊಕ್ಕ ಆಗಿದೆಯಂತೆ. ಚೊಕ್ಕ ಚಿನ್ನ, ಚೊಕ್ಕ ಕನ್ನಡ ಎಂದು ಜೀವಮಾನವಿಡೀ ಹೇಳಿದವಳು ನಾನು. ಬೆರಕೆ ಇಲ್ಲದ್ದು ಎನ್ನಲು ನಾವು ಬಳಸುವ ಮಾತೇ ಎಷ್ಟೊಂದು ಜನರ ಬಾಯಲ್ಲಿ ಹಾದು ಬಂದಿದೆ! ನಾಲ್ಕು ತಿಂಗಳು ನಾನು ಕನ್ನಡದಲ್ಲಿ ಎಷ್ಟು ಕರೆದರೂ ಓಗೊಡದ ಅಮ್ಮನನ್ನು ಅದು ಮರಾಠಿಯ ಕಡೆಯಿಂದ ಹೋಗಿ ತಲುಪಿತ್ತು.

ಆಮೇಲೆ ಒಂದೊಂದೇ ಮಾತು ಬಂತು. ನೀರು, ಸಾಕು, ಕಡೆಗೆ ನನ್ನ ಹೆಸರು. ಎಲ್ಲವೂ ಬರಲಿಲ್ಲ. ಆದರೆ ಬಂದಷ್ಟನ್ನೂ ಮಾವ್ಶಿ ಅಮ್ಮನ ಜೊತೆಯಲ್ಲೇ ಕಲಿತರು. ಈಗ ಗಂಜಿ ಕುಡಿಸುವಾಗ ಅವರು ಕೇಳುವುದು ಕನ್ನಡದಲ್ಲಿ: "ಸಾಕಾ, ಆಜೀ?"